ಬಲಗಡೆಯ ಸೀಟು

ಪೀಣ್ಯದಲ್ಲಿ ಲೇತ್ ನಡೆಸುವ ನಮ್ಮ ಚಿಕ್ಕಪ್ಪನ ಮಗಳು ಪೈಲಟ್ ಆಗಲು ಕಲಿಯುತ್ತಿದ್ದಾಳೆ. ಅದಕ್ಕಾಗಿ ಮನೆಪತ್ರ ಬ್ಯಾಂಕಿನಲ್ಲಿದೆ. ಬೆಂಗಳೂರಿಗೆ ಈ ಓದು ಹೊಸದಲ್ಲ. ಜಕ್ಕೂರಿನಲ್ಲಿ ಸರ್ಕಾರಿ ವೈಮಾನಿಕ ತರಬೇತಿ ಶಾಲೆ ಶುರುವಾದದ್ದು 1949ರಲ್ಲಿ. ನಮ್ಮ ಮನೆಗೆ ಮಾತ್ರ ಹೊಸದು.

ಕಮರ್ಷಿಯಲ್ ಲೈಸೆನ್ಸಿಗೆ ಡಿಜಿಸಿಎ ಇಟ್ಟಿರುವ ಲೆಕ್ಕ ಸ್ಪಷ್ಟ. ನ್ಯಾವಿಗೇಷನ್, ಹವಾಮಾನ, ವಾಯುಯಾನ ನಿಯಮಗಳಂಥ ಪತ್ರಿಕೆಗಳಲ್ಲಿ ನೂರಕ್ಕೆ 70 ಅಂಕ; 200 ಗಂಟೆ ಹಾರಾಟ, ಅದರಲ್ಲಿ 100 ಗಂಟೆ ವಿಮಾನದ ಹೊಣೆ ತನ್ನದೇ ಆಗಿರಬೇಕು. ಆ ಹೊಣೆ ಮೊದಲ ಸಲ ಕೈಗೆ ಬರುವ ದಿನವನ್ನು ಮಾತ್ರ ಯಾರೂ ಮೊದಲೇ ಹೇಳಲಾರರು. ಏರುವುದು, ರನ್‌ವೇ ಸುತ್ತಿ ಬಂದು ಇಳಿಯುವುದು, ಎಂಜಿನ್ ನಿಂತರೆ ಏನು ಮಾಡುವುದು, ಎಲ್ಲವೂ ಒಪ್ಪಿಗೆಯಾದಾಗ ಬೋಧಕರು ಬಲಗಡೆಯ ಸೀಟಿನಿಂದ ಕೆಳಗಿಳಿದು, ಒಂದು ಸುತ್ತು ಒಬ್ಬಳೇ ಹೋಗಿ ಬಾ ಅನ್ನುತ್ತಾರೆ.

ಅವಳ ಬೋಧಕರು ವಾರಗಟ್ಟಲೆ ಇಳಿಯಲಿಲ್ಲ. ಗಂಟೆಗಿಷ್ಟು ಎಂದು ದುಡ್ಡು ಹೋಗುತ್ತಲೇ ಇತ್ತು. ಚಿಕ್ಕಮ್ಮ ಗೊಣಗಿದರು. ಚಿಕ್ಕಪ್ಪ ಮೈಕ್ರೋಮೀಟರ್ ಒರೆಸುತ್ತಾ, ‘ಅಳತೆ ಕೂರೋವರೆಗೂ ಪೀಸ್ ಬಿಡಬಾರದು ಕಣೇ’ ಅಂದರು.

ಕೊನೆಗೊಂದು ಬೆಳಿಗ್ಗೆ ಅವರು ಇಳಿದರು. ಒಬ್ಬರ ಭಾರ ಕಳೆದುಕೊಂಡ ವಿಮಾನ ಎಂದಿಗಿಂತ ಬೇಗ ಮೇಲೇರಿತಂತೆ. ‘ಪಕ್ಕಕ್ಕೆ ನೋಡಿದ್ರೆ ಬರೀ ಬೆಲ್ಟ್ ಇತ್ತು ಅಣ್ಣ’ ಎಂದು ಫೋನಿನಲ್ಲಿ ಹೇಳಿದಳು.

ಪಿಎಚ್‌.ಡಿ.ಯ ಐದನೇ ವರ್ಷದಲ್ಲಿ, ಮಾರ್ಗದರ್ಶಕರ ಸಹಿಗಾಗಿ ಕಾಯುವ ನನಗೆ ಆ ಖಾಲಿ ಸೀಟು ಮನಸ್ಸಿನಿಂದ ಹೋಗುತ್ತಿಲ್ಲ. ಅವಳು ಸುತ್ತು ಮುಗಿಸಿ ಚಕ್ರ ನೆಲಕ್ಕೆ ತಾಗಿಸುವವರೆಗೂ ಆ ಬೋಧಕರು ಕತ್ತೆತ್ತಿಕೊಂಡೇ ನಿಂತಿದ್ದರಂತೆ. ಅಷ್ಟು ಹೊತ್ತು ಪರೀಕ್ಷೆ ಅವರದೂ ಆಗಿತ್ತು.