ಓದದೆ ಆಡಿದ ಮಾತು

ಕಳೆದ ವರ್ಷ ಮಳೆಗಾಲದ ಒಂದು ಭಾನುವಾರ, ಬಲಿಪೂಜೆಯ ಪ್ರಬೋಧನೆಯ ನಡುವೆ ನಾನು ಇಂದಿನ ಯುವಜನರ ಓದಿನ ಬಗ್ಗೆ ನಾಲ್ಕು ಮಾತು ಆಡಿದೆ. ಯಂತ್ರಮಾನವರ ಕಥೆ, ಬೆಂಕಿಯುಗುಳುವ ಡ್ರ್ಯಾಗನ್‌ಗಳ ಕಥೆ, ಪ್ರೇಮದ ಹೆಸರಿನ ಹಗಲುಗನಸು, ಇವುಗಳಲ್ಲಿ ನಮ್ಮ ಮಕ್ಕಳು ಅಮೂಲ್ಯ ಕಾಲವನ್ನು ಕಳೆಯುತ್ತಿದ್ದಾರೆ, ತಂದೆತಾಯಂದಿರು ಎಚ್ಚರ ವಹಿಸಬೇಕು ಎಂಬುದು ನನ್ನ ಮಾತಿನ ಸಾರ. ಮುಂದಿನ ಸಾಲಿನಲ್ಲಿದ್ದ ಹಿರಿಯರು ಕೆಲವರು ತಲೆದೂಗಿದರು. ಒಳ್ಳೆಯ ಮಾತು ಹೇಳಿದೆನೆಂಬ ತೃಪ್ತಿ ನನಗೂ ಆಯಿತು.

ಪೂಜೆ ಮುಗಿಸಿ ಹೊರಗೆ ಬಂದಾಗ ಗಾಯನ ತಂಡದ ಹುಡುಗಿಯೊಬ್ಬಳು ಬಾಗಿಲ ಬಳಿ ಕಾದು ನಿಂತಿದ್ದಳು. ಪದವಿ ತರಗತಿಯ ವಿದ್ಯಾರ್ಥಿನಿ; ಹೆಚ್ಚು ಮಾತಿನವಳಲ್ಲ.

"ಫಾದರ್, ಬೇಜಾರು ಮಾಡ್ಕೋಬೇಡಿ, ಒಂದು ಮಾತು ಕೇಳ್ಲಾ? ನೀವು ಹೇಳಿದ್ರಲ್ಲ, ಆ ಪುಸ್ತಕಗಳಲ್ಲಿ ಯಾವುದಾದ್ರೂ ಒಂದನ್ನ ಓದಿದ್ದೀರಾ?"

"ಇಲ್ಲಮ್ಮಾ" ಎಂದೆ. ಬೇರೆ ಉತ್ತರ ನನ್ನಲ್ಲಿರಲಿಲ್ಲ.

ಮುಂದಿನ ಭಾನುವಾರ ಬಟ್ಟೆಯ ಚೀಲವೊಂದನ್ನು ನನ್ನ ಕೈಗಿಟ್ಟಳು. ಅದರಲ್ಲಿ ನಾಲ್ಕು ಇಂಗ್ಲಿಷ್ ಕಾದಂಬರಿಗಳಿದ್ದವು. "ಓದಿ ಆಮೇಲೆ ಬೈಯಿರಿ, ಫಾದರ್" ಎಂದು ನಕ್ಕು ಹೊರಟುಹೋದಳು.

ಆ ಚೀಲವನ್ನು ನೋಡಿದಾಗ ನನಗೆ ನನ್ನ ಅಕ್ಕನ ನೆನಪಾಯಿತು. ಎಂಬತ್ತರ ದಶಕದ ಆರಂಭದಲ್ಲಿ ಅವಳು ಬಾಡಿಗೆ ಪುಸ್ತಕದಂಗಡಿಯಿಂದ ತ್ರಿವೇಣಿಯವರ ಕಾದಂಬರಿಗಳನ್ನು ತಂದು, ಅಕ್ಕಿ ಡಬ್ಬದ ಹಿಂದೆ ಅಡಗಿಸಿಟ್ಟು, ಸಾರು ಕುದಿಯುವಷ್ಟರಲ್ಲಿ ಎರಡು ಪುಟ ಓದುತ್ತಿದ್ದಳು. ಅಮ್ಮನಿಗೆ ಚಾಡಿ ಹೇಳಿದವನು ನಾನೇ. ಹೆಂಗಸರು ಬರೆದ ಕಥೆಗಳನ್ನು ವಿದ್ವಾಂಸರೇ 'ಅಡುಗೆಮನೆ ಸಾಹಿತ್ಯ' ಎಂದು ಮೂದಲಿಸುತ್ತಿದ್ದ ಕಾಲವದು. 'ಶರಪಂಜರ'ದಲ್ಲಿ ಮನೋರೋಗದಿಂದ ಗುಣಮುಖಳಾಗಿ ಮನೆಗೆ ಮರಳಿದ ಹೆಣ್ಣನ್ನು ಅವಳ ಮನೆಯವರೇ ಹೇಗೆ ಮತ್ತೆ ಹುಚ್ಚಿಗೆ ನೂಕುತ್ತಾರೆಂಬುದು, ಎಷ್ಟೋ ವರ್ಷಗಳ ಅನಂತರ ನಾನೇ ಓದಿದಾಗ ತಿಳಿಯಿತು. ಅಕ್ಕನಿಗೆ ಅದು ಹದಿನಾರನೇ ವಯಸ್ಸಿಗೇ ತಿಳಿದಿತ್ತು. ಗುರುಮಠದಲ್ಲಿ ನಾವು ತತ್ತ್ವಶಾಸ್ತ್ರ, ದೈವಶಾಸ್ತ್ರಗಳನ್ನು ವರ್ಷಗಟ್ಟಲೆ ಅಭ್ಯಾಸ ಮಾಡಿದೆವು. ಕಾದಂಬರಿ ಮಾತ್ರ ರಜೆಯ ಹೊತ್ತಿನ ವಸ್ತುವಾಗಿಯೇ ಉಳಿಯಿತು.

ಮೊದಲು ಕೈಗೆತ್ತಿಕೊಂಡದ್ದು ಕಜುವೊ ಇಶಿಗುರೊ ಅವರ 'ಕ್ಲಾರಾ ಆಂಡ್ ದ ಸನ್'. ಜಪಾನಿನ ನಾಗಸಾಕಿಯಲ್ಲಿ ಹುಟ್ಟಿ ಇಂಗ್ಲೆಂಡಿನಲ್ಲಿ ಬೆಳೆದ ಈ ಲೇಖಕರು 2017ರಲ್ಲಿ ನೊಬೆಲ್ ಪ್ರಶಸ್ತಿ ಪಡೆದರು. ಅದಾದ ಮೇಲೆ ಬಂದ ಅವರ ಮೊದಲ ಕಾದಂಬರಿ ಇದು, 2021ರದು. ಕ್ಲಾರಾ ಒಂದು ಯಂತ್ರ. ಮಕ್ಕಳ ಒಂಟಿತನ ನೀಗಲು ಅಂಗಡಿಯಲ್ಲಿ ಮಾರಾಟಕ್ಕಿಟ್ಟ ಕೃತಕ ಗೆಳತಿ. ಸೂರ್ಯನ ಬೆಳಕಿನಿಂದ ಅವಳಿಗೆ ಶಕ್ತಿ. ಜೋಸಿ ಎಂಬ ರೋಗಪೀಡಿತ ಬಾಲಕಿ ಅವಳನ್ನು ಮನೆಗೆ ಕರೆತರುತ್ತಾಳೆ. ಜೋಸಿಯ ಕಾಯಿಲೆಯ ಕಾರಣ ನನ್ನನ್ನು ಬೆಚ್ಚಿಬೀಳಿಸಿತು. ಆ ಕಾಲದ ಶ್ರೀಮಂತ ತಂದೆತಾಯಂದಿರು ಮಕ್ಕಳ ಬುದ್ಧಿಶಕ್ತಿ ಹೆಚ್ಚಿಸಲು ಅವರ ವಂಶವಾಹಿಗಳನ್ನೇ ತಿದ್ದಿಸುತ್ತಾರೆ. ಹಾಗೆ ತಿದ್ದಿಸಿಕೊಳ್ಳದ ಮಕ್ಕಳಿಗೆ ಒಳ್ಳೆಯ ಕಾಲೇಜುಗಳ ಬಾಗಿಲು ಬಹುಪಾಲು ಮುಚ್ಚಿದಂತೆಯೇ. ಹಿರಿಯ ಮಗಳನ್ನು ಕಳೆದುಕೊಂಡ ತಾಯಿ, ಅಪಾಯ ತಿಳಿದೂ ಕಿರಿಯವಳಿಗೆ ಅದನ್ನೇ ಮಾಡಿಸಿದ್ದಾಳೆ.

ಇದನ್ನು ದೂರದ ಭವಿಷ್ಯದ ಕಲ್ಪನೆಯೆಂದು ಓದಲು ನನ್ನಿಂದಾಗಲಿಲ್ಲ. ಬೆಳಿಗ್ಗೆ ಐದಕ್ಕೆ ಕೋಚಿಂಗ್ ತರಗತಿಗೆ ಹೊರಟು ರಾತ್ರಿ ಹತ್ತಕ್ಕೆ ಮನೆ ಸೇರುವ ಮಕ್ಕಳು ನಮ್ಮ ಧರ್ಮಕೇಂದ್ರದಲ್ಲಿಯೇ ಇದ್ದಾರೆ. ಅವರ ತಾಯಂದಿರು ಕೆಟ್ಟವರಲ್ಲ. ಜೋಸಿಯ ತಾಯಿಯೂ ಕೆಟ್ಟವಳಲ್ಲ.

ಮಗಳು ಉಳಿಯದಿದ್ದರೆ ಕ್ಲಾರಾಳೇ ಅವಳ ರೂಪ ತಾಳಿ, ಅವಳಂತೆಯೇ ಮಾತನಾಡಿ, ಅವಳ ಸ್ಥಾನ ತುಂಬಬೇಕೆಂದು ಆ ತಾಯಿ ಗುಟ್ಟಾಗಿ ಏರ್ಪಾಡು ಮಾಡುತ್ತಾಳೆ. ಯಂತ್ರವು ಅನುಕರಿಸಲಾಗದಂಥದ್ದು ಮನುಷ್ಯನೊಳಗೆ ಏನೂ ಇಲ್ಲವೆಂದು ಅವಳಿಗೆ ಒಬ್ಬ ತಜ್ಞ ಹೇಳಿದ್ದಾನೆ. ಕಥೆಯ ಕೊನೆಗೆ ಕ್ಲಾರಾ ಇದಕ್ಕೆ ತನ್ನದೇ ಉತ್ತರ ಕಂಡುಕೊಳ್ಳುತ್ತಾಳೆ: ಆ ವಿಶೇಷವಾದದ್ದು ಇತ್ತು, ಆದರೆ ಅದು ಜೋಸಿಯ ಒಳಗಿರಲಿಲ್ಲ, ಅವಳನ್ನು ಪ್ರೀತಿಸಿದವರ ಒಳಗಿತ್ತು. ಆತ್ಮದ ಕುರಿತು ಅನೇಕ ಗ್ರಂಥಗಳನ್ನು ಓದಿದ ನಾನು ಈ ಪುಟದಲ್ಲಿ ಬಹಳ ಹೊತ್ತು ನಿಂತೆ. ಕ್ಲಾರಾಳ ಉತ್ತರ ಪೂರ್ಣವೆಂದು ನಾನು ಒಪ್ಪಲಾರೆ. ಯಾರ ಪ್ರೀತಿಯೂ ದೊರೆಯದ ಮಗುವಿಗೂ ಆತ್ಮವಿದೆ. ಆದರೆ ಮಗುವನ್ನು ಮಣ್ಣು ಮಾಡಿ ಬಂದ ಮನೆಗಳಲ್ಲಿ ಕುಳಿತು, ಆಡಲು ಮಾತಿಲ್ಲದೆ ನಾನು ಎದ್ದು ಬಂದದ್ದುಂಟು. ಆ ಮನೆಯವರಿಗೆ ಹೇಳಬಹುದಾಗಿದ್ದ ಮಾತು ಇಲ್ಲಿತ್ತು.

ಎರಡನೆಯದು ಸುಸಾನಾ ಕ್ಲಾರ್ಕ್ ಅವರ 'ಪಿರನೇಸಿ'. 2020ರಲ್ಲಿ ಪ್ರಕಟವಾಗಿ ಮರುವರ್ಷ ಬ್ರಿಟನ್ನಿನ ಮಹಿಳಾ ಕಾದಂಬರಿ ಪ್ರಶಸ್ತಿ ಪಡೆದ ಕೃತಿ. ಕೊನೆಯೇ ಇಲ್ಲದ ಒಂದು ಮನೆ, ಅಸಂಖ್ಯಾತ ಹಜಾರಗಳು, ಗೋಡೆಗಳ ಉದ್ದಕ್ಕೂ ಶಿಲಾಮೂರ್ತಿಗಳು, ಕೆಳಗಿನ ಅಂತಸ್ತಿನಲ್ಲಿ ಸಮುದ್ರದ ಉಬ್ಬರವಿಳಿತ, ಮೇಲಿನದರಲ್ಲಿ ಮೋಡ. ಅಲ್ಲಿ ಬಹುತೇಕ ಒಂಟಿಯಾಗಿ ಬದುಕುವ ಮನುಷ್ಯನೊಬ್ಬನ ದಿನಚರಿಯೇ ಈ ಕಾದಂಬರಿ. ಮೀನು ಹಿಡಿದು ತಿನ್ನುತ್ತಾನೆ, ಅಲೆಗಳ ಲೆಕ್ಕ ಬರೆಯುತ್ತಾನೆ. ಅಲ್ಲಿ ದೊರೆತ ಹದಿಮೂರು ಮಂದಿ ಮೃತರ ಅಸ್ಥಿಗಳಿಗೆ ಹೂವು, ನೀರು, ಆಹಾರವಿಟ್ಟು ಗೌರವಿಸುತ್ತಾನೆ. ಅವರು ಯಾರೆಂದು ಅವನಿಗೆ ಗೊತ್ತಿಲ್ಲ. ತನ್ನನ್ನು ಅಲ್ಲಿ ಕೂಡಿಹಾಕಲಾಗಿದೆ, ಗೆಳೆಯನೆಂದು ನಂಬಿದವನೇ ತನ್ನನ್ನು ವಂಚಿಸುತ್ತಿದ್ದಾನೆ ಎಂಬುದು ಅವನಿಗೆ ನಿಧಾನವಾಗಿ ತಿಳಿಯುತ್ತದೆ.

ಲೇಖಕಿಯ ಮೊದಲ ಕಾದಂಬರಿ ಬಂದದ್ದು 2004ರಲ್ಲಿ. ಎರಡನೆಯದಕ್ಕೆ ಹದಿನಾರು ವರ್ಷ ಹಿಡಿಯಿತು; ಈ ಅವಧಿಯ ಬಹುಭಾಗ ಅವರು ತೀವ್ರ ಆಯಾಸದ ಕಾಯಿಲೆಯಿಂದ ನರಳಿದವರು. ಇದನ್ನು ತಿಳಿದ ಮೇಲೆ ಪುಸ್ತಕ ನನಗೆ ಬೇರೆಯಾಗಿ ಕಂಡಿತು. ತಿಂಗಳ ಮೊದಲ ಶುಕ್ರವಾರ ನಾನು ಹಾಸಿಗೆ ಹಿಡಿದವರಿಗೆ ಪರಮಪ್ರಸಾದ ಕೊಡಲು ಹೋಗುತ್ತೇನೆ. ಎಷ್ಟೋ ವರ್ಷದಿಂದ ಒಂದೇ ಕೋಣೆಯಲ್ಲಿರುವ ಅಜ್ಜಿಯೊಬ್ಬರಿಗೆ ಯಾವ ತಿಂಗಳಲ್ಲಿ ಬಿಸಿಲು ಗೋಡೆಯ ಯಾವ ಗೆರೆಯ ತನಕ ಬರುತ್ತದೆಂದು ಗೊತ್ತು. "ಇವತ್ತು ಕ್ಯಾಲೆಂಡರ್ ಮುಟ್ಟಿತು ಸ್ವಾಮಿ" ಎಂದು ಸಂತೋಷದಿಂದ ಹೇಳುತ್ತಾರೆ. ನಾನು "ಹೌದಾ ಅಜ್ಜಿ" ಎಂದು ಮುಂದಿನ ಮನೆಗೆ ಓಡುತ್ತಿದ್ದೆ. ಈಗ ಐದು ನಿಮಿಷ ಕುಳಿತು ಆ ಬಿಸಿಲನ್ನು ನೋಡುತ್ತೇನೆ.

ಎಲ್ಲ ಪುಸ್ತಕಗಳನ್ನೂ ಹೊಗಳಲು ನಾನು ಕುಳಿತಿಲ್ಲ. ಮೂರನೆಯದು ರೆಬೆಕಾ ಯಾರೋಸ್ ಅವರ 'ಫೋರ್ತ್ ವಿಂಗ್', 2023ರದು. ಡ್ರ್ಯಾಗನ್ ಸವಾರರನ್ನು ತರಬೇತು ಮಾಡುವ ಯುದ್ಧಶಾಲೆಯ ಕಥೆ. ಸುಲಭವಾಗಿ ಮುರಿಯುವ ಮೂಳೆ, ಜಾರುವ ಕೀಲುಗಳ ದುರ್ಬಲ ದೇಹದ ಹುಡುಗಿ ಇದರ ನಾಯಕಿ. ಕೀಲುಗಳನ್ನು ಬಾಧಿಸುವ ಅಂಥದೇ ತೊಂದರೆ ಲೇಖಕಿಗೂ ಉಂಟು. ಆ ಹುಡುಗಿಯ ಛಲ ನನಗೆ ಮೆಚ್ಚುಗೆಯಾಯಿತು. ಆದರೆ ಅವಳ ಸುತ್ತ ಸಹಪಾಠಿಗಳು ಒಬ್ಬರ ಹಿಂದೊಬ್ಬರು ಸಾಯುತ್ತಾರೆ. ಬಹುತೇಕರ ಸಾವಿಗೆ ಎರಡು ಸಾಲು ಮಾತ್ರ. 'ಪಿರನೇಸಿ'ಯಲ್ಲಿ ಹೆಸರರಿಯದ ಅಸ್ಥಿಗೂ ಗೌರವವಿದೆ. ಇಲ್ಲಿ ಹೆಸರಿರುವವನೂ ಮುಂದಿನ ಪುಟಕ್ಕೆ ಮರೆತುಹೋಗುತ್ತಾನೆ. ಜೊತೆಗೆ ಇದು ವಯಸ್ಕರಿಗೆ ಬರೆದ ಪುಸ್ತಕ. ಶೃಂಗಾರದ ವಿವರಗಳು ಧಾರಾಳವಾಗಿವೆ. ಶಾಲೆ, ಡ್ರ್ಯಾಗನ್ ಎಂಬ ಮಾತು ಕೇಳಿ ಏಳನೇ ತರಗತಿಯ ಮಗುವಿಗೆ ಕೊಡಿಸುವ ತಂದೆತಾಯಂದಿರು ಇದನ್ನು ತಿಳಿದಿರಬೇಕು. ಈ ಎಚ್ಚರಿಕೆಯನ್ನು ಅಂದು ದೇವಾಲಯದಲ್ಲಿಯೂ ಕೊಟ್ಟಿದ್ದೆ, ನಿಜ. ಆದರೆ ಅಂದು ನಾನು ಹೇಳಿದ್ದು ಊಹೆ. ಇಂದು ಹೇಳುತ್ತಿರುವುದು ಓದಿದ ಅಭಿಪ್ರಾಯ.

2025ರ ಏಪ್ರಿಲ್‌ನಲ್ಲಿ ನಿಧನರಾದ ಪೋಪ್ ಫ್ರಾನ್ಸಿಸ್, ಅದರ ಹಿಂದಿನ ವರ್ಷ ಜುಲೈ 17ರಂದು ಸಾಹಿತ್ಯದ ಓದಿನ ಕುರಿತು ಒಂದು ಪತ್ರ ಬರೆದರು. ಗುರು ಅಭ್ಯರ್ಥಿಗಳಿಗೆಂದು ಆರಂಭಿಸಿ ಎಲ್ಲ ಕ್ರೈಸ್ತರಿಗೂ ಅನ್ವಯಿಸಿ ಬರೆದ ಪತ್ರ. ಅದರಲ್ಲಿ ತಮ್ಮದೇ ಅನುಭವ ಹೇಳುತ್ತಾರೆ. ಇಪ್ಪತ್ತೆಂಟನೆಯ ವಯಸ್ಸಿನಲ್ಲಿ, 1964-65ರಲ್ಲಿ, ಅರ್ಜೆಂಟೀನಾದ ಸಾಂತಾ ಫೆಯ ಶಾಲೆಯಲ್ಲಿ ಅವರು ಸಾಹಿತ್ಯ ಕಲಿಸುತ್ತಿದ್ದರು. ಪಠ್ಯದಲ್ಲಿದ್ದ ಹಳೆಯ ಸ್ಪ್ಯಾನಿಷ್ ಮಹಾಕಾವ್ಯ ವಿದ್ಯಾರ್ಥಿಗಳಿಗೆ ಬೇಡವಾಗಿತ್ತು. ಅವರಿಗೆ ಬೇಕಾಗಿದ್ದವನು ಗಾರ್ಸಿಯಾ ಲೋರ್ಕಾ. ಕಾವ್ಯವನ್ನು ಮನೆಯಲ್ಲಿ ಓದಿಕೊಳ್ಳಲು ಹೇಳಿ, ತರಗತಿಯಲ್ಲಿ ಅವರಿಗೆ ಇಷ್ಟವಾದ ಲೇಖಕರನ್ನೇ ತೆಗೆದುಕೊಂಡರಂತೆ. ಈ ಪತ್ರ ಬಂದ ವರ್ಷವೇ ನಾನು ಓದಿದ್ದೆ, ಮೆಚ್ಚಿಯೂ ಇದ್ದೆ. ಮೆಚ್ಚಿದ ಮಾತನ್ನು ಮರೆಯಲು ನನಗೆ ಹೆಚ್ಚು ಕಾಲ ಹಿಡಿಯಲಿಲ್ಲ.

ಚೀಲದ ತಳದಲ್ಲಿ ಉಳಿದದ್ದು ಪ್ರೇಮ ಕಾದಂಬರಿ: ಕೊಲೀನ್ ಹೂವರ್ ಅವರ 'ಇಟ್ ಎಂಡ್ಸ್ ವಿತ್ ಅಸ್'. 2016ರಲ್ಲಿ ಬಂದು, ಕೆಲವು ವರ್ಷಗಳ ಅನಂತರ ಯುವ ಓದುಗಿಯರ ಬಾಯಿಂದ ಬಾಯಿಗೆ ಹರಡಿ ಜನಪ್ರಿಯವಾದದ್ದು. 2024ರಲ್ಲಿ ಚಲನಚಿತ್ರವೂ ಆಯಿತು. ಮೊದಲರ್ಧ ನನಗೆ ಬೇಸರ ತಂದಿತು. ನಾಯಕ ಅತಿ ಸುಂದರ, ಅತಿ ಶ್ರೀಮಂತ, ಅದರ ಮೇಲೆ ಮಿದುಳಿನ ಶಸ್ತ್ರಚಿಕಿತ್ಸಕ. ಇದೂ ಚಿಕ್ಕ ಮಕ್ಕಳ ಪುಸ್ತಕವಲ್ಲ. ಆದರೆ ಮದುವೆಯ ಸುಮಾರಿಗೆ ಕಥೆಯ ದಾರಿ ತಿರುಗುತ್ತದೆ. ಗಂಡ ಹೊಡೆಯುತ್ತಾನೆ, ಅತ್ತು ಕ್ಷಮೆ ಕೇಳುತ್ತಾನೆ, ಮತ್ತೆ ಹೊಡೆಯುತ್ತಾನೆ. ತಂದೆಯ ಹೊಡೆತ ತಿಂದೂ ಮನೆ ಬಿಡದ ತಾಯಿಯನ್ನು ಒಳಗೊಳಗೇ ದೂರುತ್ತಿದ್ದ ಲಿಲಿ, ಈಗ ತಾನೇ ಅದೇ ನೆಪಗಳನ್ನು ಹುಡುಕುತ್ತಾಳೆ. ಹೆಣ್ಣುಮಗು ಹುಟ್ಟಿದ ದಿನ ಗಂಡನನ್ನು ಕೇಳುತ್ತಾಳೆ: ಮುಂದೊಂದು ದಿನ ಈ ಮಗಳು ಬಂದು, ನನ್ನ ಗಂಡ ಹೊಡೆಯುತ್ತಾನೆ ಎಂದರೆ ನೀನು ಏನು ಹೇಳುವೆ? ಲೇಖಕಿ ತನ್ನ ತಾಯಿಯ ಬದುಕಿನಿಂದ ಪ್ರೇರಣೆ ಪಡೆದು ಬರೆದ ಕಥೆಯಿದು.

ಆ ಪ್ರಶ್ನೆ ಓದಿದ ರಾತ್ರಿ ನನಗೆ ನಿದ್ರೆ ಬರಲಿಲ್ಲ. ಇಪ್ಪತ್ತು ವರ್ಷಕ್ಕೂ ಹಿಂದೆ, ಮತ್ತೊಂದು ಊರಿನಲ್ಲಿ, ಒಬ್ಬ ತಾಯಿ ನನ್ನ ಬಳಿ ಬಂದಿದ್ದರು. ಪಾಪನಿವೇದನೆಗಲ್ಲ, ನಿವಾಸದ ಜಗಲಿಯಲ್ಲಿ ಕುಳಿತು ಕಷ್ಟ ಹೇಳಿಕೊಳ್ಳಲು. ಸೆರಗು ಸರಿಸಿ ಮುಂಗೈ ತೋರಿಸಿದರು. ನಾನು ಹೇಳಿದ್ದು ಇಷ್ಟು: "ಶಿಲುಬೆ ಎಲ್ಲರಿಗೂ ಇರುತ್ತಮ್ಮಾ. ಪ್ರಾರ್ಥನೆ ಮಾಡು, ತಾಳಿಕೋ, ಅವನು ಬದಲಾಗ್ತಾನೆ." ಅವರು ಸೆರಗನ್ನು ಮತ್ತೆ ಕೈಮೇಲೆ ಎಳೆದುಕೊಂಡು ಎದ್ದು ಹೋದರು.

ನಾನು ಅಜ್ಞಾನಿಯಾಗಿರಲಿಲ್ಲ. ಬಾಳಸಂಗಾತಿಯ ದೇಹಕ್ಕೋ ಆತ್ಮಕ್ಕೋ ಗಂಭೀರ ಅಪಾಯ ತರುವವನಿಂದ ದೂರವಿರಲು ಧರ್ಮಸಭೆಯ ಕಾನೂನು ಸಂಹಿತೆಯ 1153ನೇ ನಿಯಮವೇ ಅವಕಾಶ ಕೊಡುತ್ತದೆ. ಗುರುಮಠದಲ್ಲಿ ಅದನ್ನು ಓದಿ ಪರೀಕ್ಷೆ ಬರೆದವನು ನಾನು. ಕೌಟುಂಬಿಕ ದೌರ್ಜನ್ಯದಿಂದ ಮಹಿಳೆಯರನ್ನು ರಕ್ಷಿಸುವ ಕಾಯಿದೆ ನಮ್ಮ ದೇಶದಲ್ಲಿ 2005ರಲ್ಲಿ ಬಂತು. ಆಗಲೂ ನಾನು ಆ ತಾಯಿಯನ್ನು ಹುಡುಕಿಕೊಂಡು ಹೋಗಲಿಲ್ಲ. ನನಗೆ ನಿಯಮ ಗೊತ್ತಿತ್ತು, ಆ ಕೈ ಕಂಡಿರಲಿಲ್ಲ. ನಾನು ಹೀಗಳೆದ ಒಂದು ಪ್ರೇಮ ಕಾದಂಬರಿ ಅದನ್ನು ಕಾಣಿಸಿತು.

ಹಳೆಯ ಧರ್ಮಕೇಂದ್ರದ ಪರಿಚಯದವರಿಂದ ಅವರ ದೂರವಾಣಿ ಸಂಖ್ಯೆ ಪಡೆದು ಮಾತನಾಡಿದೆ. ಗಂಡನನ್ನು ಬಿಟ್ಟು ಅಣ್ಣನ ಊರಿಗೆ ಹೋಗಿ, ಹೊಲಿಗೆ ಮಾಡಿ ಮಕ್ಕಳನ್ನು ಓದಿಸಿದರಂತೆ. ಅಂದು ನಾನು ಹೇಳಿದ್ದು ತಪ್ಪೆಂದೂ ಕ್ಷಮಿಸಬೇಕೆಂದೂ ಕೇಳಿಕೊಂಡೆ. ಆ ಕಡೆ ಸ್ವಲ್ಪ ಹೊತ್ತು ಮೌನ. "ನಿಮ್ಮ ಮಾತು ಕೇಳಿ ಇನ್ನೂ ಮೂರು ವರ್ಷ ಇದ್ದೆ ಫಾದರ್" ಎಂದರು. ಅನಂತರ, "ಆಯ್ತು ಬಿಡಿ, ನಿಮ್ಮ ಊಟ ಆಯ್ತಾ?" ಎಂದರು.

ಆ ಮೂರು ವರ್ಷಗಳನ್ನು ನಾನು ಹಿಂದಿರುಗಿಸಲಾರೆ. ಮಾಡಬಹುದಾದ ಚಿಕ್ಕ ಕೆಲಸವೊಂದಿತ್ತು; ಮುಂದಿನ ಭಾನುವಾರ ಅದೇ ಪೀಠದಲ್ಲಿ ನಿಂತು, ಓದದೆ ಮಾತನಾಡಿದ್ದೆನೆಂದು ಒಪ್ಪಿಕೊಂಡೆ. ಹಿರಿಯರು ಈ ಸಲ ತಲೆದೂಗಲಿಲ್ಲ.

ಪ್ರಿಯ ತಂದೆತಾಯಂದಿರೇ, ನಿಮ್ಮ ಮಗನೋ ಮಗಳೋ ದಿಂಬಿನ ಬಳಿ ಇಟ್ಟುಕೊಂಡಿರುವ ಪುಸ್ತಕವನ್ನು ಕಿತ್ತುಕೊಳ್ಳುವ ಮೊದಲು, ಅದರಲ್ಲಿ ಏನಿದೆಯೆಂದು ಕೇಳಿರಿ. ಸಾಧ್ಯವಾದರೆ ನೀವೂ ಓದಿರಿ. ಬೇಡವೆನ್ನಬೇಕಾದದ್ದನ್ನು ಬೇಡವೆನ್ನಿ, ಕಾರಣ ಹೇಳಿ ಬೇಡವೆನ್ನಿ. ಮನೆಯಲ್ಲಿ ಬಾಯಿಬಿಟ್ಟು ಹೇಳಲಾಗದ ಯಾವುದೋ ಮಾತನ್ನು ಅವರು ಆ ಪುಟಗಳಲ್ಲಿ ಹುಡುಕುತ್ತಿರಬಹುದು.

ನಾಲ್ಕೂ ಪುಸ್ತಕಗಳನ್ನು ಹಿಂದಿರುಗಿಸಿದೆ. ಚೀಲ ಮತ್ತೆ ಬಂದಿದೆ. ಈ ಸಲ ಎರಡೇ ಪುಸ್ತಕ. ಒಂದರ ಹೊದಿಕೆಯ ಮೇಲೆ ಬಾಹ್ಯಾಕಾಶ ನೌಕೆಯ ಚಿತ್ರವಿದೆ. ಇನ್ನೂ ಓದಿಲ್ಲ, ಆದುದರಿಂದ ಅದರ ಬಗ್ಗೆ ಏನೂ ಹೇಳುವುದಿಲ್ಲ.