ಆ ಕೈಯನ್ನು ದೇವರು ಏಕೆ ಹಿಡಿಯಲಿಲ್ಲ?

1999ರ ಜನವರಿಯ ಕೊನೆಯ ವಾರ. ಹತ್ತನೆಯ ತರಗತಿಯಲ್ಲಿ ಸಮಾಜ ವಿಜ್ಞಾನದ ಪಾಠ ಮುಗಿಸಿ ಹಾಜರಿ ಪುಸ್ತಕವನ್ನು ಕೈಗೆತ್ತಿಕೊಂಡಿದ್ದೆ. ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದು ನಿಂತ. “ಸರ್, ಒಂದ್ ಮಾತು ಕೇಳ್ಲೇನ್ರಿ?”

ಆ ವಾರದ ಪತ್ರಿಕೆಗಳ ತುಂಬ ಒಡಿಶಾದ ಸುದ್ದಿಯೇ ಇತ್ತು. ಬಾರಿಪದದಲ್ಲಿ ಕುಷ್ಠರೋಗಿಗಳ ಸೇವೆ ಮಾಡುತ್ತಿದ್ದ ಆಸ್ಟ್ರೇಲಿಯಾದ ಗ್ರಹಾಂ ಸ್ಟೇನ್ಸ್ ತಮ್ಮ ಇಬ್ಬರು ಗಂಡುಮಕ್ಕಳೊಡನೆ ಮನೋಹರಪುರವೆಂಬ ಹಳ್ಳಿಯಲ್ಲಿ ವಾಹನದೊಳಗೆ ಮಲಗಿದ್ದಾಗ, ಜನವರಿ 22ರ ರಾತ್ರಿ ಗುಂಪೊಂದು ಬೆಂಕಿ ಹಚ್ಚಿ ಮೂವರನ್ನೂ ಸುಟ್ಟು ಕೊಂದಿತ್ತು. ಫಿಲಿಪನಿಗೆ 10 ವರ್ಷ, ತಿಮೋತಿಗೆ 6.

“ನಿಮ್ಮ ದೇವ್ರು ಪ್ರೀತಿ ಮಾಡೋ ದೇವ್ರು ಅಂತೀರಲ್ರಿ ಸರ್. ಬೆಂಕಿ ಹಚ್ಚೋ ಕೈ ಯಾಕ ಹಿಡೀಲಿಲ್ರಿ ಅಂವಾ?”

ಅವನ ದನಿಯಲ್ಲಿ ಕುಹಕವಿರಲಿಲ್ಲ, ನಿಜವಾದ ಸಂಕಟವಿತ್ತು. ನಾನು ಬಾಲ್ಯದಿಂದ ಕೇಳಿಕೊಂಡು ಬಂದ ಉತ್ತರವನ್ನೇ ಹೇಳಿದೆ: ದೇವರು ಮನುಷ್ಯನಿಗೆ ಸ್ವಾತಂತ್ರ್ಯ ಕೊಟ್ಟಿದ್ದಾನೆ, ಬಲವಂತದಿಂದ ಹುಟ್ಟಿದ್ದು ಪ್ರೀತಿಯಾಗಲಾರದು, ಕೆಡುಕನ್ನು ಆರಿಸಿಕೊಳ್ಳುವ ಶಕ್ತಿಯಿಲ್ಲದವನಿಗೆ ಒಳಿತನ್ನು ಆರಿಸಿಕೊಳ್ಳುವ ಶಕ್ತಿಯೂ ಇರುವುದಿಲ್ಲ. ಹುಡುಗ ಸುಮ್ಮನೆ ಕುಳಿತ. ನನ್ನ ಮಾತು ಸುಳ್ಳಾಗಿರಲಿಲ್ಲ. ಆದರೆ ಅದನ್ನು ಮಗ್ಗಿ ಒಪ್ಪಿಸಿದಂತೆ ಒಪ್ಪಿಸಿದ್ದೆ. ಅಂದು ರಾತ್ರಿ ನಿದ್ರೆ ಬರಲಿಲ್ಲ. ದೇವರು ಹಿಡಿಯದೆ ಬಿಟ್ಟ ಇನ್ನೊಂದು ಕೈ ನೆನಪಾಗಿತ್ತು. ಅದು ನನ್ನದೇ.

ಅದಕ್ಕೂ 12 ವರ್ಷ ಹಿಂದೆ, 1987ರಲ್ಲಿ, ನನ್ನ ತರಗತಿಯಲ್ಲಿ ಪರೀಕ್ಷಾ ಶುಲ್ಕದ ಹಣ ಕಾಣೆಯಾಗಿತ್ತು. ಕೂಲಿಕಾರರ ಮನೆಯ ಹುಡುಗನೊಬ್ಬನ ಮೇಲೆ ಎಲ್ಲರ ಕಣ್ಣು. ಅವನ ಹರಿದ ಅಂಗಿಯೇ ನನಗೂ ಸಾಕ್ಷಿಯಾಯಿತು. “ನಾ ತಗೊಂಡಿಲ್ರಿ ಸರ್” ಎಂದು ಅವನು ನನ್ನ ಮುಖ ನೋಡಿದಾಗ, ‘ನಿಲ್ಲಿಸು, ನಿನಗೆ ಗೊತ್ತಿಲ್ಲ’ ಎಂದು ಒಳಗಿನಿಂದ ಯಾರೋ ಹೇಳಿದಂತಾಯಿತು. ಆದರೆ ಎತ್ತಿದ ಬೆತ್ತವನ್ನು ಇಡೀ ತರಗತಿ ನೋಡುತ್ತಿತ್ತು. ಇಳಿಸಲು ಅಭಿಮಾನ ಬಿಡಲಿಲ್ಲ. ಹೊಡೆದೆ. ಮೂರು ವಾರಗಳ ಮೇಲೆ ಉಳ್ಳವರ ಮನೆಯ ಮತ್ತೊಬ್ಬ ಹುಡುಗ ಅಳುತ್ತ ಬಂದು ತಪ್ಪೊಪ್ಪಿಕೊಂಡ. ಅಷ್ಟರಲ್ಲಿ ಪೆಟ್ಟು ತಿಂದವನು ಶಾಲೆ ಬಿಟ್ಟು ಮಗ್ಗದ ಕೆಲಸಕ್ಕೆ ಸೇರಿದ್ದ. ಅವನ ಮನೆಗೆ ಹೋಗಿ ಒಂದು ಮಾತು ಹೇಳುವ ಧೈರ್ಯವೂ ನನಗಾಗಲಿಲ್ಲ.

ಆದಿಕಾಂಡದ ಕಾಯಿನನ ಕಥೆಯನ್ನು ಆ ರಾತ್ರಿ ಮತ್ತೆ ಓದಿದೆ. ತಮ್ಮನಾದ ಹೇಬೆಲನ ಮೇಲೆ ಏರಿಬಿದ್ದ ಆ ಕೈಯನ್ನೂ ದೇವರು ಹಿಡಿಯಲಿಲ್ಲ. ಆದರೆ ಆತನು ಸುಮ್ಮನಿರಲೂ ಇಲ್ಲ. ಕೊಲೆಗೆ ಮುಂಚೆಯೇ ಕಾಯಿನನನ್ನು ಮಾತನಾಡಿಸಿ, ಪಾಪವು ನಿನ್ನ ಬಾಗಿಲಲ್ಲೇ ಹೊಂಚುಹಾಕಿದೆ ಎಂದು ಎಚ್ಚರಿಸಿದನು. ಕೊಲೆಯ ನಂತರ, ನಿನ್ನ ತಮ್ಮನೆಲ್ಲಿ ಎಂದು ಕೇಳಿದನು. ನನಗೂ ಎಚ್ಚರಿಕೆ ಬಂದಿತ್ತು. ಕೇಳಿಸಿಕೊಳ್ಳದವನು ನಾನು.

ದೇವರು ದುಷ್ಟ ಕೈಗಳನ್ನೆಲ್ಲ ತಡೆಯಬೇಕೆಂದು ನಾವು ಬಯಸುವಾಗ ನಮ್ಮ ಕೈಯನ್ನು ಆ ಲೆಕ್ಕಕ್ಕೆ ಸೇರಿಸುವುದಿಲ್ಲ. ಮತ್ತಾಯನ ಸುವಾರ್ತೆಯ 13ನೆಯ ಅಧ್ಯಾಯದಲ್ಲಿ ಯೇಸು ಹೇಳಿದ ಸಾಮ್ಯವೊಂದಿದೆ. ಗೋಧಿಯ ಹೊಲದಲ್ಲಿ ಹಣಜಿ ಬೆಳೆದಾಗ ಆಳುಗಳು ಈಗಲೇ ಕಿತ್ತುಬಿಡೋಣವೆನ್ನುತ್ತಾರೆ. ಯಜಮಾನನು ಬೇಡವೆನ್ನುತ್ತಾನೆ, ಹಣಜಿಯ ಜೊತೆಗೆ ಗೋಧಿಯೂ ಕಿತ್ತುಬಂದೀತೆಂದು ಅವನ ಭಯ. ಎರಡೂ ಕೊಯ್ಲಿನವರೆಗೆ ಬೆಳೆಯಲಿ ಎನ್ನುತ್ತಾನೆ. ನನ್ನೊಳಗಿನ ಹೊಲವೂ ಅಂಥದೇ. 1987ರಲ್ಲೇ ಕಿತ್ತು ಎಸೆದಿದ್ದರೆ ನಾನು ಉಳಿಯುತ್ತಿರಲಿಲ್ಲ.

ಆದರೂ ಒಂದು ಪ್ರಶ್ನೆ ಉಳಿದೇ ಉಳಿಯುತ್ತದೆ. ಸ್ವಾತಂತ್ರ್ಯ ನನ್ನದು; ಅದರ ಬೆಲೆಯನ್ನು ಆ ಹುಡುಗನೇಕೆ ತೆರಬೇಕು? ಫಿಲಿಪ್, ತಿಮೋತಿಯರೇಕೆ ತೆರಬೇಕು? ಇದಕ್ಕೆ ತರ್ಕದಿಂದ ನನಗೆ ಸಮಾಧಾನ ಸಿಕ್ಕಿಲ್ಲ. ಸಿಕ್ಕಿತೆಂದರೆ ಅದು ಕಲ್ಲೆದೆಯ ಮಾತಾದೀತು. ನಾನು ಆತುಕೊಂಡಿರುವುದು ಶಿಲುಬೆಯನ್ನು. ಸುಳ್ಳು ಸಾಕ್ಷಿ, ಅನ್ಯಾಯದ ತೀರ್ಪು, ಚಾಟಿಯ ಪೆಟ್ಟು ಇವೆಲ್ಲವನ್ನೂ ದೇವರು ತನ್ನ ಮೈಮೇಲೆ ತಾಳಿಕೊಂಡನೆಂಬುದು ನಮ್ಮ ವಿಶ್ವಾಸ. ಅಂದು ನನ್ನ ತರಗತಿಯಲ್ಲಿ ಆತನು ದೂರದ ಪ್ರೇಕ್ಷಕನಾಗಿರಲಿಲ್ಲ. ಹರಿದ ಅಂಗಿಯವನ ಪಕ್ಕದಲ್ಲಿದ್ದನು. ಪುನರುತ್ಥಾನವನ್ನು ನಂಬುವ ನಮಗೆ ಪೆಟ್ಟೇ ಕೊನೆಯ ಮಾತೂ ಅಲ್ಲ.

ಆ ದಿನಗಳಲ್ಲೇ ಗ್ಲಾಡಿಸ್ ಸ್ಟೇನ್ಸ್ ಅವರು ಗಂಡನನ್ನೂ ಮಕ್ಕಳನ್ನೂ ಕೊಂದವರನ್ನು ಕ್ಷಮಿಸಿರುವುದಾಗಿ ಹೇಳಿದ ಸುದ್ದಿ ಬಂತು. ಮಗಳೊಡನೆ ಅವರು 2004ರವರೆಗೆ ಬಾರಿಪದದಲ್ಲೇ ಉಳಿದು ಕುಷ್ಠರೋಗಿಗಳ ಸೇವೆ ಮುಂದುವರಿಸಿದರು. ಅಪರಾಧವೇನೂ ಇದರಿಂದ ಹಗುರವಾಗಲಿಲ್ಲ. ಮುಖ್ಯ ಅಪರಾಧಿಯ ಜೀವಾವಧಿ ಶಿಕ್ಷೆಯನ್ನು 2011ರಲ್ಲಿ ಸುಪ್ರೀಂ ಕೋರ್ಟ್ ಎತ್ತಿಹಿಡಿಯಿತು. ಕೆಡುಕನ್ನು ಕೆಡುಕೆಂದೇ ಕರೆದು, ಅದಕ್ಕೆ ದ್ವೇಷದ ಮರಿಗಳು ಹುಟ್ಟದಂತೆ ನೋಡಿಕೊಳ್ಳುವುದೇ ಕ್ಷಮೆ.

ಮುಂದಿನ ಭಾನುವಾರ ಆರಾಧನೆ ಮುಗಿದ ಮೇಲೆ ಮಗ್ಗದವರ ಓಣಿಗೆ ಹೋದೆ. ಅವನಿಗಾಗಲೇ ಮದುವೆಯಾಗಿ ಒಂದು ಕೂಸಿತ್ತು. “ಮಾಸ್ತರ್ರು ಬಂದಾರ, ಕುಂದರ್ರಿ, ಚಾ ಮಾಡ್ತೀನಿ” ಎಂದು ಅವನ ತಾಯಿ ಚಾಪೆ ಹಾಸಿದರು. ನಾನು ಕ್ಷಮೆ ಕೇಳಿದೆ. ಅವನು ಬಹಳ ಹೊತ್ತು ನೆಲ ನೋಡುತ್ತ ಕುಳಿತಿದ್ದ.

“ಇರ್ಲಿ ಬಿಡ್ರಿ ಸರ್. ಆದ್ರ ಅವತ್ತ ಒಮ್ಮೆ ಬರಬೇಕಿತ್ರಿ ನೀವು.”

ದೇವರು ಏಕೆ ಬರಲಿಲ್ಲ ಎಂದು ಪ್ರಶ್ನೆ ಎತ್ತಿದವನು ನನ್ನ ಒಬ್ಬ ಶಿಷ್ಯ. ನಾನೇಕೆ ಬರಲಿಲ್ಲ ಎಂದು ಕೇಳಿದವನು ಇನ್ನೊಬ್ಬ. ಮೊದಲನೆಯದಕ್ಕೆ ಪೂರ್ತಿ ಉತ್ತರ ಇಂದಿಗೂ ನನ್ನಲ್ಲಿಲ್ಲ. ಎರಡನೆಯದಕ್ಕೆ ನೆಪವೂ ಇಲ್ಲ. 1999ರ ಆ ತರಗತಿಯಲ್ಲಿದ್ದ ಯಾರಾದರೂ ಇದನ್ನು ಓದುತ್ತಿದ್ದರೆ, ಅಂದು ನಾನು ಕೊಟ್ಟದ್ದು ಅರ್ಧ ಉತ್ತರವೆಂದು ತಿಳಿಯಿರಿ. ಉಳಿದರ್ಧವನ್ನು ಮಗ್ಗದ ಮುಂದೆ ಕುಳಿತ ಒಬ್ಬನಿಂದ ನಾನು ಕಲಿತು ಬಂದೆ.