ದೇಹಭಾರ, ಹೃದಯ ಮತ್ತು ವಿವೇಕ

ಜೈನಾಚಾರ್ಯರು ಶರೀರದ ಅನಿತ್ಯತೆಯನ್ನು ಎಷ್ಟೇ ಒತ್ತಿ ಹೇಳಿದ್ದರೂ ಗೃಹಸ್ಥನು ಅದನ್ನು ಅಲಕ್ಷಿಸಬೇಕೆಂದು ಬೋಧಿಸಲಿಲ್ಲ. ವ್ರತ, ಸ್ವಾಧ್ಯಾಯ, ದಾನ, ತೀರ್ಥವಂದನೆ ಇವೆಲ್ಲಕ್ಕೂ ಶರೀರವೇ ಆಧಾರ. ಆದುದರಿಂದಲೇ ಚತುರ್ವಿಧ ದಾನಗಳಲ್ಲಿ ಆಹಾರ, ಅಭಯ, ಶಾಸ್ತ್ರಗಳ ಸಾಲಿನಲ್ಲಿ ಔಷಧಕ್ಕೂ ಸ್ಥಾನ ದೊರೆತಿದೆ. ರೋಗ ಬಂದಾಗ ಔಷಧವನ್ನು ಸೇವಿಸುವುದು ದೇಹಮೋಹವಲ್ಲ. ಆ ಔಷಧ ಯಾರಿಗೆ, ಯಾವ ಉದ್ದೇಶಕ್ಕೆ, ಎಷ್ಟು ಅಪಾಯವನ್ನು ಒಪ್ಪಿಕೊಂಡು ಎಂಬುದನ್ನು ವಿಚಾರಿಸದೆ ಸೇವಿಸುವುದು ಮಾತ್ರ ಪ್ರಮಾದ. ಪ್ರಮಾದದಿಂದ ಪ್ರಾಣಕ್ಕೆ ಒದಗುವ ಹಾನಿಯೇ ಹಿಂಸೆಯೆಂದು ತತ್ತ್ವಾರ್ಥಸೂತ್ರವು ನಿರೂಪಿಸುತ್ತದೆ. ಆ ಪ್ರಾಣ ಪರರದಾಗಬಹುದು, ತನ್ನದೂ ಆಗಬಹುದು. ತೂಕ ಇಳಿಸುವ ಚುಚ್ಚುಮದ್ದುಗಳು ಮನೆಮನೆಯ ಮಾತಾಗಿರುವ ಈ ಕಾಲದಲ್ಲಿ ಇಂಥ ವಿಚಾರಣೆ ಶ್ರಾವಕನ ಕರ್ತವ್ಯವೇ ಆಗಿದೆ.

ಮಡಿಕೇರಿಗೆ ಸಮೀಪದ ಗಾಳಿಬೀಡು ಮಳೆಗೂ ಕಾಫಿಗೂ ಏಲಕ್ಕಿಗೂ ಹೆಸರಾದ ಊರು. ಕೊಡಗಿನಲ್ಲಿ ಇಂದು ಜೈನರ ಮನೆಗಳು ವಿರಳವಾದರೂ, ಈ ಜಿಲ್ಲೆಯ ಉತ್ತರ ಭಾಗವನ್ನಾಳಿದ ಕೊಂಗಾಳ್ವರ ಕಾಲದ ಬಸದಿಗಳು ಮುಳ್ಳೂರಿನಲ್ಲಿ ಹನ್ನೊಂದನೆಯ ಶತಮಾನದಿಂದ ನಿಂತಿವೆ. ಗಾಳಿಬೀಡಿನಲ್ಲಿ ಕಾಫಿ ತೋಟ ಮಾಡಿಕೊಂಡಿರುವ ಒಂದು ಶ್ರಾವಕ ಕುಟುಂಬಕ್ಕೆ ಈ ಪ್ರಶ್ನೆ ಎರಡು ರೂಪಗಳಲ್ಲಿ ಒಟ್ಟಿಗೆ ಎದುರಾಯಿತು. ಮನೆಯ ಯಜಮಾನರಿಗೆ ಐವತ್ತೆಂಟು ವರ್ಷ. ಎತ್ತರ 168 ಸೆಂಟಿಮೀಟರ್, ತೂಕ 92 ಕಿಲೋ. ಮೂರು ವರ್ಷಗಳ ಹಿಂದೆ ಹೃದಯಾಘಾತವಾಗಿ ಮೈಸೂರಿನಲ್ಲಿ ಸ್ಟೆಂಟ್ ಹಾಕಿಸಿಕೊಂಡವರು. ಮಧುಮೇಹ ಇನ್ನೂ ಬಂದಿರಲಿಲ್ಲ. ಅವರ ತಮ್ಮ ನಲವತ್ತಾರನೆಯ ವಯಸ್ಸಿನಲ್ಲಿ ಒಂದು ಮಳೆಗಾಲದ ರಾತ್ರಿ ಎದೆನೋವೆಂದು ಎದ್ದು ಕುಳಿತವರು ಆಸ್ಪತ್ರೆ ತಲುಪುವ ಮೊದಲೇ ತೀರಿಕೊಂಡಿದ್ದರು. ಆ ತಮ್ಮನ ಮಗಳನ್ನು ಸಾಕಿ ಓದಿಸಿದವರು ಈ ದೊಡ್ಡಪ್ಪನೇ. ಅವಳಿಗೀಗ ಇಪ್ಪತ್ತೈದು, ಮದುವೆ ನಿಶ್ಚಯವಾಗಿ ಆರು ತಿಂಗಳ ಅವಧಿಯಿತ್ತು. ಹೃದ್ರೋಗ ತಜ್ಞರು ಯಜಮಾನರಿಗೆ ವಾರಕ್ಕೊಮ್ಮೆಯ ಚುಚ್ಚುಮದ್ದನ್ನು ಸೂಚಿಸಿದ ವಾರದಲ್ಲೇ, ಹುಡುಗಿಯೂ ಅದೇ ಔಷಧವನ್ನು ವೈದ್ಯರ ಚೀಟಿಯಿಲ್ಲದೆ ಪರಿಚಿತರೊಬ್ಬರ ಮೂಲಕ ತರಿಸಿಕೊಳ್ಳಲು ಹೊರಟಿದ್ದಳೆಂಬುದು ತಿಳಿಯಿತು. ವರನ ಕಡೆಯ ಹಿರಿಯರೊಬ್ಬರು ಅವಳ ಮೈಕಟ್ಟಿನ ಬಗ್ಗೆ ಆಡಿದ ಹಗುರವಾದ ಒಂದು ಮಾತು ಅದಕ್ಕೆ ಕಾರಣ.

ಎಂಬತ್ತು ದಾಟಿದ ಅಜ್ಜಿಗೆ ಇವೆರಡೂ ಹಿಡಿಸಲಿಲ್ಲ. ಹಸಿವನ್ನು ಅಡಗಿಸಲು ಸೂಜಿಯೇಕೆ, ಊನೋದರ ವ್ರತವಿಲ್ಲವೆ ಎಂಬುದು ಅವರ ಪ್ರಶ್ನೆ. ಹುಡುಗಿ ಮಾತ್ರ, “ದೊಡ್ಡಪ್ಪ, ನಿಮಗೆ ಒಳ್ಳೆಯದಾದ ಔಷಧಿ ನನಗೆ ಕೆಟ್ಟದ್ದು ಹೇಗಾಗುತ್ತದೆ?” ಎಂದು ಕೇಳಿದಳು. ಆ ಪ್ರಶ್ನೆಗೆ ಅವರಲ್ಲಿ ಕೂಡಲೇ ಉತ್ತರವಿರಲಿಲ್ಲ. ಅವಳನ್ನೂ ಜೊತೆಗೆ ಕರೆದುಕೊಂಡೇ ಅವರು ಮತ್ತೊಮ್ಮೆ ವೈದ್ಯರ ಬಳಿಗೆ ಹೋದರು.

ಈ ಹೆದರಿಕೆಗೆ ಆಧಾರವಿಲ್ಲದೆ ಇಲ್ಲ. ತೂಕ ಇಳಿಸುವ ಔಷಧಗಳ ಚರಿತ್ರೆಯಲ್ಲಿ ಹೃದಯಕ್ಕೆ ಘಾತವಾದ ಪ್ರಸಂಗಗಳಿವೆ. ಫೆನ್‌ಫ್ಲೂರಮೈನ್ ಎಂಬ ಮಾತ್ರೆ ಹೃದಯದ ಕವಾಟಗಳನ್ನು ಕೆಡಿಸುವುದೆಂದು ಕಂಡುಬಂದು 1997ರಲ್ಲಿ ಅಮೆರಿಕದ ಮಾರುಕಟ್ಟೆಯಿಂದ ಹಿಂತೆಗೆಯಲ್ಪಟ್ಟಿತು. ಸಿಬುಟ್ರಮೈನ್ ಎಂಬ ಮತ್ತೊಂದು ಮಾತ್ರೆ ಹೃದ್ರೋಗಿಗಳಲ್ಲಿ ಹೃದಯಾಘಾತ, ಪಾರ್ಶ್ವವಾಯುಗಳನ್ನು ಹೆಚ್ಚಿಸಿದ್ದು ದೃಢಪಟ್ಟು 2010ರಲ್ಲಿ ಅಲ್ಲಿಯೂ 2011ರಲ್ಲಿ ಭಾರತದಲ್ಲಿಯೂ ನಿಂತುಹೋಯಿತು. ತೂಕ ಇಳಿದ ಮಾತ್ರಕ್ಕೆ ಹೃದಯ ಉಳಿಯಿತೆಂದು ಭಾವಿಸಲಾಗದು ಎಂಬುದು ಆ ಎರಡು ಪ್ರಕರಣಗಳು ಕಲಿಸಿದ ಪಾಠ.

ಈಗಿನ ಚುಚ್ಚುಮದ್ದುಗಳು ಬೇರೆ ಬಗೆಯವು. ಊಟವಾದ ಮೇಲೆ ಕರುಳಿನಿಂದ ಸ್ರವಿಸುವ ಜಿಎಲ್‌ಪಿ-1 ಎಂಬ ಹಾರ್ಮೋನನ್ನು ಅವು ಅನುಕರಿಸುತ್ತವೆ. ಹೊಟ್ಟೆ ನಿಧಾನವಾಗಿ ಖಾಲಿಯಾಗುತ್ತದೆ, ಮಿದುಳಿಗೆ ತೃಪ್ತಿಯ ಸಂದೇಶ ಬೇಗ ತಲುಪುತ್ತದೆ. ಈ ವರ್ಗದ ಮೊದಲ ಔಷಧದ ಮೂಲ ಅಮೆರಿಕದ ಮರುಭೂಮಿಯ ಗಿಲಾ ಮಾನ್‌ಸ್ಟರ್ ಎಂಬ ವಿಷಹಲ್ಲಿಯ ವಿಷ. ಅದರಲ್ಲಿ 1992ರಲ್ಲಿ ಕಂಡುಕೊಂಡ ವಸ್ತುವನ್ನು ಪ್ರಯೋಗಾಲಯದಲ್ಲಿ ತಯಾರಿಸಿ 2005ರಲ್ಲಿ ಮಧುಮೇಹಕ್ಕೆ ಬಳಕೆಗೆ ತಂದರು. ವಿಷಶಾಸ್ತ್ರವನ್ನೇ ವಸ್ತುವಾಗಿಸಿಕೊಂಡು ಹದಿನಾಲ್ಕನೆಯ ಶತಮಾನದಲ್ಲಿ ‘ಖಗೇಂದ್ರಮಣಿದರ್ಪಣ’ವನ್ನು ರಚಿಸಿದ ಜೈನಕವಿ ಮಂಗರಾಜನ ನಾಡಿನವರಿಗೆ ವಿಷಕ್ಕೂ ಔಷಧಕ್ಕೂ ಇರುವ ನಂಟು ಅಪರಿಚಿತವೇನಲ್ಲ. ಅನಂತರ ಬಂದ ಸೆಮಾಗ್ಲುಟೈಡ್ ಮತ್ತು ಟಿರ್ಜೆಪಟೈಡ್‌ಗಳು 2025ರಲ್ಲಿ ತೂಕ ಇಳಿಸುವ ಚುಚ್ಚುಮದ್ದುಗಳಾಗಿ ಭಾರತದ ಔಷಧಿ ಅಂಗಡಿಗಳನ್ನು ತಲುಪಿದವು.

ಯಜಮಾನರಂಥವರಿಗೆ ಈ ಔಷಧದಿಂದ ಹೃದಯಕ್ಕೆ ಏನಾಗುತ್ತದೆಂಬುದಕ್ಕೆ 2023ರ ನವೆಂಬರ್‌ನಲ್ಲಿ ಪ್ರಕಟವಾದ ‘ಸೆಲೆಕ್ಟ್’ ಎಂಬ ಅಧ್ಯಯನವು ಉತ್ತರಿಸುತ್ತದೆ. ಮಧುಮೇಹವಿಲ್ಲದ, ಆದರೆ ಹೃದಯದ ಅಥವಾ ರಕ್ತನಾಳಗಳ ರೋಗವೂ ಅಧಿಕ ತೂಕವೂ ಇದ್ದ, ನಲವತ್ತೈದು ದಾಟಿದ 17,604 ಮಂದಿ ಅದರಲ್ಲಿದ್ದರು. ಅರ್ಧದಷ್ಟು ಮಂದಿಗೆ ಸೆಮಾಗ್ಲುಟೈಡ್, ಉಳಿದವರಿಗೆ ಔಷಧವಿಲ್ಲದ ಚುಚ್ಚುಮದ್ದು. ಸರಾಸರಿ ನಲವತ್ತು ತಿಂಗಳ ಅವಧಿಯಲ್ಲಿ ಹೃದಯಸಂಬಂಧಿ ಮರಣ, ಹೃದಯಾಘಾತ, ಪಾರ್ಶ್ವವಾಯು ಇವುಗಳಲ್ಲೊಂದು ಸಂಭವಿಸಿದ್ದು ಔಷಧ ಪಡೆದವರಲ್ಲಿ ನೂರಕ್ಕೆ 6.5, ಪಡೆಯದವರಲ್ಲಿ ನೂರಕ್ಕೆ 8.

ಇಲ್ಲಿ ನಯವಾದದ ಅಭ್ಯಾಸ ಉಪಯೋಗಕ್ಕೆ ಬರುತ್ತದೆ. ಅಪಾಯ ಶೇಕಡಾ ಇಪ್ಪತ್ತರಷ್ಟು ತಗ್ಗಿತೆಂದು ಹೇಳುವುದು ಒಂದು ನಯ. ಜಾಹೀರಾತಿಗೆ ಪ್ರಿಯವಾದ ನಯವೂ ಅದೇ. ನೂರು ಮಂದಿಯಲ್ಲಿ ಒಂದೂವರೆ ಮಂದಿಗೆ ಪ್ರಯೋಜನವಾಯಿತೆಂದು ಹೇಳುವುದು ಮತ್ತೊಂದು ನಯ. ಸುಮಾರು 67 ಮಂದಿ ಮೂರು ವರ್ಷಕ್ಕೂ ಮಿಕ್ಕಿ ಪ್ರತಿವಾರ ಚುಚ್ಚಿಸಿಕೊಂಡರೆ ಅವರಲ್ಲಿ ಒಬ್ಬರಿಗೆ ಇಂಥ ಆಘಾತ ತಪ್ಪುತ್ತದೆ. ಮೂರು ಹೇಳಿಕೆಗಳೂ ಸತ್ಯ, ಯಾವುದೊಂದೂ ಪೂರ್ಣಸತ್ಯವಲ್ಲ. ತಮ್ಮನನ್ನು ಕಣ್ಣೆದುರೇ ಕಳೆದುಕೊಂಡು, ತಾವೂ ಒಮ್ಮೆ ಮೃತ್ಯುಮುಖದಿಂದ ಹಿಂದಿರುಗಿದ ಗೃಹಸ್ಥರಿಗೆ ಆ ಒಬ್ಬನು ತಾನೇ ಆಗಿರಬಹುದೆಂಬ ಸಾಧ್ಯತೆ ಅಲ್ಪವಲ್ಲ. 2018ರ ಭೂಕುಸಿತವನ್ನು ಕಂಡ ಈ ಭಾಗದಲ್ಲಿ ಮಳೆಗಾಲದ ರಾತ್ರಿ ರಸ್ತೆ ತೆರೆದಿರುತ್ತದೆಂಬ ಭರವಸೆಯಿಲ್ಲ. ಹೃದಯಾಘಾತವಾದ ಮೇಲೆ ಧಾವಿಸುವುದಕ್ಕಿಂತ ಆಗದಂತೆ ನೋಡಿಕೊಳ್ಳುವುದಕ್ಕೆ ಇಲ್ಲಿ ಹೆಚ್ಚು ಬೆಲೆ.

ತಕ್ಕಡಿಯ ಇನ್ನೊಂದು ತಟ್ಟೆಯೂ ಬರಿದಾಗಿಲ್ಲ. ಅದೇ ಅಧ್ಯಯನದಲ್ಲಿ ತೊಂದರೆಗಳಿಂದಾಗಿ ಔಷಧವನ್ನು ಕೈಬಿಟ್ಟವರು ನೂರಕ್ಕೆ 16.6, ಬರಿಯ ಚುಚ್ಚುಮದ್ದು ಪಡೆದವರಲ್ಲಿ 8.2. ಓಕರಿಕೆ, ವಾಂತಿ, ಭೇದಿ, ಮಲಬದ್ಧತೆ ಸಾಮಾನ್ಯ. ಪಿತ್ತಕೋಶದ ಕಲ್ಲು, ಅಪರೂಪವಾಗಿ ಮೇದೋಜೀರಕ ಗ್ರಂಥಿಯ ಉರಿಯೂತ ಉಂಟಾಗಬಹುದು. ನಾಡಿಬಡಿತ ನಿಮಿಷಕ್ಕೆ ಕೆಲವು ಬಡಿತಗಳಷ್ಟು ಏರುತ್ತದೆ. ಬಡಿತದಲ್ಲಿ ಏರುಪೇರಿರುವವರು ಇದನ್ನು ವೈದ್ಯರಿಗೆ ಮೊದಲೇ ತಿಳಿಸಬೇಕು. ಕೊಬ್ಬಿನೊಡನೆ ಸ್ನಾಯುವೂ ಕರಗುತ್ತದೆ. ಶಾಕಾಹಾರಿಗಳು ಬೇಳೆ, ಹೆಸರು, ಕಡಲೆ, ಮಜ್ಜಿಗೆಗಳನ್ನು ಲೆಕ್ಕವಿಟ್ಟು ಸೇವಿಸದಿದ್ದರೆ, ದಿನವೂ ನಡೆಯದಿದ್ದರೆ ಬಲಹೀನತೆ ತಪ್ಪದು. ಔಷಧ ನಿಲ್ಲಿಸಿದವರಲ್ಲಿ ಇಳಿದ ತೂಕದ ಮೂರನೆಯ ಎರಡು ಭಾಗ ಒಂದು ವರ್ಷದೊಳಗೆ ಮರಳಿ ಬಂದುದನ್ನು ಮತ್ತೊಂದು ಅಧ್ಯಯನ ದಾಖಲಿಸಿದೆ. 2025ರಲ್ಲಿ ಮಾರುಕಟ್ಟೆಗೆ ಬಂದಾಗ ಇವುಗಳ ವೆಚ್ಚ ತಿಂಗಳಿಗೆ ಹದಿನಾಲ್ಕು ಸಾವಿರ ರೂಪಾಯಿಗಿಂತ ಕಡಿಮೆಯಿರಲಿಲ್ಲ. ಬಳಕೆಗೆ ಮೊದಲು ಇವುಗಳನ್ನು 2ರಿಂದ 8 ಡಿಗ್ರಿ ಶೈತ್ಯದಲ್ಲಿಡಬೇಕು. ಗಾಳಿಮಳೆಗೆ ಮರ ಬಿದ್ದು ದಿನಗಟ್ಟಲೆ ವಿದ್ಯುತ್ತಿಲ್ಲದ ಊರಿನಲ್ಲಿ ಇದು ಸಣ್ಣ ಸಂಗತಿಯಲ್ಲ.

ಈಗ ಹುಡುಗಿಯ ಪ್ರಶ್ನೆ. ಅವಳ ಎತ್ತರ 158 ಸೆಂಟಿಮೀಟರ್, ತೂಕ 60 ಕಿಲೋ. ದೇಹತೂಕ ಸೂಚ್ಯಂಕ 24. ಭಾರತೀಯರಿಗೆ 23ನ್ನು ದಾಟಿದರೆ ಅಧಿಕ ತೂಕ, 25ನ್ನು ಮುಟ್ಟಿದರೆ ಬೊಜ್ಜು ಎಂಬುದು ವೈದ್ಯರ ಎಣಿಕೆ. ಹೃದ್ರೋಗವಿದ್ದ ಹಿರಿಯರಲ್ಲಿ ಕಂಡ ಪ್ರಯೋಜನವನ್ನು ಹೃದ್ರೋಗವಿಲ್ಲದ ಇಪ್ಪತ್ತೈದರ ಯುವತಿಗೆ ಆರೋಪಿಸುವುದು ನ್ಯಾಯಸಮ್ಮತವಲ್ಲ. ಪ್ರಯೋಜನ ಅಷ್ಟೇ ಇರದಿದ್ದರೂ ತೊಂದರೆಗಳು ಅಷ್ಟೇ ಇರುತ್ತವೆ. ಗರ್ಭಧಾರಣೆಗೆ ಕನಿಷ್ಠ ಎರಡು ತಿಂಗಳ ಮೊದಲೇ ಸೆಮಾಗ್ಲುಟೈಡನ್ನು ನಿಲ್ಲಿಸಬೇಕೆಂಬ ನಿಯಮವಿರುವುದು ಅವಳಿಗೆ ತಿಳಿದೇ ಇರಲಿಲ್ಲ. ಔಷಧ ತರಿಸಿಕೊಡಲು ಒಪ್ಪಿದವರೂ ಹೇಳಿರಲಿಲ್ಲ. ಆದರೆ ವೈದ್ಯರು ಅವಳನ್ನು ಬರಿಗೈಯಲ್ಲಿ ಕಳುಹಿಸಲಿಲ್ಲ. ಐವತ್ತೈದಕ್ಕೆ ಮೊದಲೇ ತಂದೆಗೆ ಹೃದಯಾಘಾತವಾಗಿದ್ದರೆ ಮಕ್ಕಳು ಎಚ್ಚರದಿಂದಿರಬೇಕೆಂದು ಹೇಳಿ ರಕ್ತದೊತ್ತಡ, ಸಕ್ಕರೆ, ಕೊಲೆಸ್ಟರಾಲ್‌ಗಳನ್ನೂ, ವಂಶಪಾರಂಪರ್ಯವಾಗಿ ಬರುವ ಲಿಪೊಪ್ರೋಟೀನ್-ಎ ಎಂಬ ಅಂಶವನ್ನೂ ಪರೀಕ್ಷಿಸಿದರು. ಕನ್ನಡಿಯ ಸಲುವಾಗಿ ಹೊರಟಿದ್ದವಳಿಗೆ ತನ್ನ ಹೃದಯದ ಲೆಕ್ಕ ದೊರೆತಂತಾಯಿತು.

ಅಜ್ಜಿಯ ಆಕ್ಷೇಪಕ್ಕೂ ಗೌರವದಿಂದ ಉತ್ತರಿಸಬೇಕಾಗಿದೆ. ಅನಶನ, ಅವಮೌದರ್ಯ, ವೃತ್ತಿಪರಿಸಂಖ್ಯಾನ, ರಸಪರಿತ್ಯಾಗ ಮೊದಲಾದವು ಬಾಹ್ಯತಪಸ್ಸುಗಳು. ಅವುಗಳ ಗುರಿ ಕರ್ಮನಿರ್ಜರೆಯೇ ಹೊರತು ತೂಕದ ಇಳಿಕೆಯಲ್ಲ. ಇಚ್ಛೆಯಿರುವಾಗ ಅದನ್ನು ತಡೆಯುವುದು ತಪಸ್ಸು. ಔಷಧದಿಂದ ಇಚ್ಛೆಯೇ ಮೂಡದಿರುವುದು ತಪಸ್ಸಲ್ಲ. ಚುಚ್ಚುಮದ್ದಿನಿಂದ ಊಟ ಕಡಿಮೆಯಾದವನು ತನ್ನನ್ನು ತಪಸ್ವಿಯೆಂದು ಭಾವಿಸಬಾರದು. ಹಾಗೆಯೇ ಅವನನ್ನು ಸಂಯಮಹೀನನೆಂದು ಇತರರು ನಿಂದಿಸಬಾರದು. ದೇಹದ ಆಕಾರ, ಕಟ್ಟುಗಳು ನಾಮಕರ್ಮದ ಫಲವೆಂದು ಶಾಸ್ತ್ರ ಹೇಳುತ್ತದೆ. ತೂಕದಲ್ಲಿ ವಂಶದ ಪಾಲು ದೊಡ್ಡದೆಂದು ವಿಜ್ಞಾನ ಹೇಳುತ್ತದೆ. ಸ್ಥೂಲಕಾಯರನ್ನು ಕಂಡು ನಗುವುದಕ್ಕೆ ಎರಡರಲ್ಲಿಯೂ ಆಧಾರವಿಲ್ಲ. ವರನ ಮನೆಯ ಹಿರಿಯರ ಆ ಒಂದು ಮಾತು ಒಬ್ಬ ಹುಡುಗಿಯನ್ನು ಎಲ್ಲಿಯವರೆಗೆ ಕೊಂಡೊಯ್ದಿತ್ತೆಂಬುದನ್ನು ನೆನೆದರೆ, ಮಾತಿನ ಹಿಂಸೆಯೂ ಹಿಂಸೆಯೇ ಎಂಬುದಕ್ಕೆ ಬೇರೆ ದೃಷ್ಟಾಂತ ಬೇಕಿಲ್ಲ. ಉಪವಾಸದ ಮರುದಿನ ಪಾರಣೆಯ ಹೆಸರಿನಲ್ಲಿ ತುಪ್ಪ, ಹೋಳಿಗೆ, ಕರಿದ ತಿಂಡಿಗಳನ್ನು ಒತ್ತಾಯಿಸಿ ಬಡಿಸುವ ಸಮಾಜವು ಇತರರ ಸಂಯಮವನ್ನು ಅಳೆಯುವ ಮುನ್ನ ತನ್ನ ಪಂಕ್ತಿಯನ್ನು ನೋಡಿಕೊಳ್ಳುವುದೊಳಿತು.

ಅಹಿಂಸೆಯ ದೃಷ್ಟಿಯಿಂದ ಔಷಧದ ಮೂಲವನ್ನು ವಿಚಾರಿಸುವುದು ಜೈನರಿಗೆ ಹೊಸದಲ್ಲ. ಒಂಬತ್ತನೆಯ ಶತಮಾನದಲ್ಲಿ ‘ಕಲ್ಯಾಣಕಾರಕ’ವನ್ನು ರಚಿಸಿದ ಉಗ್ರಾದಿತ್ಯಾಚಾರ್ಯರು ಮದ್ಯ, ಮಾಂಸ, ಮಧುಗಳನ್ನು ಬಿಟ್ಟೇ ಚಿಕಿತ್ಸೆಯನ್ನು ನಿರೂಪಿಸಿದರು. ಸೆಮಾಗ್ಲುಟೈಡಿನ ಮೂಲಭಾಗವನ್ನು ಯೀಸ್ಟ್ ಎಂಬ ಸೂಕ್ಷ್ಮಜೀವಿಯ ನೆರವಿನಿಂದ ತಯಾರಿಸುತ್ತಾರೆ. ಟಿರ್ಜೆಪಟೈಡ್ ರಾಸಾಯನಿಕ ವಿಧಾನದಿಂದ ತಯಾರಾಗುತ್ತದೆ. ಪ್ರಾಣಿಗಳ ಅಂಗಗಳಿಂದ ತೆಗೆದದ್ದಲ್ಲವೆಂಬ ಸಮಾಧಾನವಿದ್ದರೂ, ಇವುಗಳ ಪರೀಕ್ಷೆಯಲ್ಲಿ ಇಲಿಗಳು ಬಲಿಯಾಗಿವೆಯೆಂಬುದು ಸತ್ಯ. ಪ್ರಾಣರಕ್ಷಣೆಗಾಗಿ ಈ ಭಾರವನ್ನು ಹೊರುವ ಗೃಹಸ್ಥನ ಸ್ಥಿತಿ ಬೇರೆ. ಆರು ತಿಂಗಳ ಅಲಂಕಾರಕ್ಕಾಗಿ ಹೊರುವವರ ಸ್ಥಿತಿ ಬೇರೆ.

ಯಜಮಾನರು ಕೊನೆಗೆ ಚುಚ್ಚುಮದ್ದನ್ನು ಕಡಿಮೆ ಪ್ರಮಾಣದಿಂದ ಆರಂಭಿಸಿದರು. ದಶಲಕ್ಷಣ ಪರ್ವದಲ್ಲಿ ನೀರನ್ನೂ ಬಿಟ್ಟು ಉಪವಾಸ ಮಾಡುವ ಅವರ ರೂಢಿಯ ಬಗ್ಗೆ ವೈದ್ಯರು ಎಚ್ಚರಿಸಿದರು: ವಾಂತಿಯೊಡನೆ ನಿರ್ಜಲ ಉಪವಾಸ ಕೂಡಿದರೆ ಮೂತ್ರಪಿಂಡಗಳಿಗೆ ಅಪಾಯ, ಸ್ಟೆಂಟಿನಲ್ಲಿ ರಕ್ತ ಹೆಪ್ಪುಗಟ್ಟದಂತೆ ತಡೆಯುವ ಮಾತ್ರೆಯನ್ನು ವ್ರತದ ದಿನವೂ ಬಿಡಕೂಡದು. ಅವರು ಏಕಭುಕ್ತಕ್ಕೂ ರಸಪರಿತ್ಯಾಗಕ್ಕೂ ಒಪ್ಪಿಕೊಂಡರು. ಅಜ್ಜಿಗೆ ಇದು ಪೂರ್ಣ ಸಮ್ಮತವಾಗಲಿಲ್ಲ. ಆದರೆ ಸೂರ್ಯಾಸ್ತಕ್ಕೆ ಮುನ್ನ ಮಗನ ತಟ್ಟೆಗೆ ಹೆಸರುಕಾಳಿನ ಪಲ್ಯವನ್ನು ತಾವೇ ಬಡಿಸತೊಡಗಿದರು. ಹುಡುಗಿ ಔಷಧ ತರಿಸುವ ವಿಚಾರವನ್ನು ಬಿಟ್ಟು, ತೋಟದ ದಾರಿಯಲ್ಲಿ ದೊಡ್ಡಪ್ಪನೊಡನೆ ಬೆಳಗಿನ ನಡಿಗೆಗೆ ಹೊರಟಳು. ಕೇಳಿದ ಮಾತಿನ ನೋವು ಅವಳಲ್ಲಿ ಇನ್ನೂ ಉಳಿದಿದೆ. ಅದಕ್ಕೆ ಸೂಜಿಯಲ್ಲಿ ಮದ್ದಿಲ್ಲ.

ಇಂಥ ಔಷಧವನ್ನು ಕುರಿತು ಯೋಚಿಸುವವರು ಮೊದಲು ತಮ್ಮ ಹೃದಯದ ಸ್ಥಿತಿಯನ್ನು ತಿಳಿದುಕೊಳ್ಳಲಿ. ಲಾಭ ಹಾನಿಗಳನ್ನು ನೂರಕ್ಕೆ ಎಷ್ಟು ಮಂದಿಗೆ ಎಂದು ಕೇಳಲಿ. ಎಷ್ಟು ವರ್ಷ ತೆಗೆದುಕೊಳ್ಳಬೇಕು, ನಿಲ್ಲಿಸಿದರೆ ಏನಾಗುತ್ತದೆ ಎಂಬುದನ್ನು ವಿಚಾರಿಸಲಿ. ವ್ರತನಿಯಮಗಳನ್ನು ವೈದ್ಯರಿಂದ ಮರೆಮಾಚದಿರಲಿ. ಅನುಕೂಲವಿರುವ ಶ್ರಾವಕರು, ವೈದ್ಯರು ಅಗತ್ಯವೆಂದು ಹೇಳಿದರೂ ಬೆಲೆಗೆ ಹೆದರಿ ಕೈಬಿಟ್ಟ ಬಡ ಹೃದ್ರೋಗಿಯೊಬ್ಬರ ವೆಚ್ಚವನ್ನು ಹೊತ್ತರೆ, ಔಷಧದಾನವೆಂಬ ಹಳೆಯ ಪುಣ್ಯಕಾರ್ಯ ಈ ಕಾಲಕ್ಕೆ ತಕ್ಕ ರೂಪವನ್ನು ಪಡೆದೀತು.